ತುಟ್ಟಿ ಆತು

ನಮ್ಮ ಊರಿನ ಹೆಸರು ಹೇಳಿ ಚೀಟಿ ಕೇಳಿದರೆ ಯಾವ ಬಸ್ಸಿನವನೂ ಕೊಡುವುದಿಲ್ಲ. ಅದಕ್ಕೇ ಹೆಸರು ಹೇಳುವ ಗೋಜಿಗೆ ನಾನೂ ಹೋಗುವುದಿಲ್ಲ. ಊರಿನ ನಡುವೆ ಒಂದು ಕೆರೆ, ಕೆರೆಯ ದಂಡೆಗೆ ನನ್ನ ಕುಲುಮೆ. ನಾನು ಕಮ್ಮಾರ ಮೋನಪ್ಪನ ಮಗಳು ಬಂಗಾರೆವ್ವ. ಹೆಸರಿನಲ್ಲಿ ಮಾತ್ರ ಬಂಗಾರ, ಮೊಣಕೈತನಕ ಮಸಿ ಎಂದು ಊರವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ ಬಿಡಿ. ಬಂದೂಕು ಕೆಟ್ಟಾಗ ಅವರೆಲ್ಲ ನನ್ನ ಕುಲುಮೆಯ ಮುಂದೆಯೇ ಬಂದು ನಿಲ್ಲಬೇಕು.

ನಮ್ಮಲ್ಲಿ ಬಂದೂಕಿಲ್ಲದ ಮನೆಯಿಲ್ಲ. ತಲೆಬಾಗಿಲ ಒಳಮಗ್ಗುಲಲ್ಲಿ, ಕೈಗೆಟುಕುವ ಎತ್ತರಕ್ಕೆ, ಜೋಡು ನಳಿಗೆಯ ಒಂದು ಬಂದೂಕು ತೂಗಿರುತ್ತದೆ. ಹಾಗೆಂದು ಯಾರೂ ಬೇಟೆಗೆ ಹೋಗುವವರಲ್ಲ. ಬೆಳಗಿನ ಚಳಿಯಲ್ಲಿ ಮೊಲಗಳು ನನ್ನ ಕುಲುಮೆಯ ಬೆಂಕಿಗೆ ಬಂದು ಮೈ ಕಾಯಿಸಿಕೊಂಡು ಹೋಗುತ್ತವೆ. ಕಾಲಿಗೆ ತೊಡರುತ್ತವೆಂದು ನಾನೇ ಬೈದು ಅತ್ತ ಸರಿಸಬೇಕು. ಬಂದೂಕು ಇರುವುದು ಮನೆಯಲ್ಲಿ ಯಾರಾದರೂ ತೀರಿಕೊಂಡಾಗ ಹಾರಿಸಲಿಕ್ಕೆ. ಎರಡು ನಳಿಗೆ, ಎರಡು ಈಡು. ಆ ಎರಡು ಈಡು ಆದ ಮೇಲೆಯೇ ತೀರಿಕೊಂಡವರು ಕಣ್ಣು ಮುಚ್ಚುವುದು, ಅವರನ್ನು ಮಣ್ಣಿಗೆ ಒಯ್ಯುವುದು. ಅಲ್ಲಿಯತನಕ ಅವರು ಮನೆಯಲ್ಲೇ ಇರುತ್ತಾರೆ. ಕಟ್ಟೆಯ ಮೇಲೆ ಕೂತಿರುತ್ತಾರೆ, ಮುಸುರೆ ತಿಕ್ಕುತ್ತಾರೆ, ಯಾರ ಆಕಳು ಯಾರ ಹಿತ್ತಲಿಗೆ ನುಗ್ಗಿತು ಎಂದು ವಿಚಾರಿಸುತ್ತಾರೆ. ಉಣ್ಣುವುದಿಲ್ಲ. ಚಹದ ವಾಸನೆ ತಗೊಂಡು ಬಟ್ಟಲು ಕೆಳಗಿಡುತ್ತಾರೆ. ನಿದ್ದೆಯೂ ಅವರ ಹತ್ತಿರ ಸುಳಿಯುವುದಿಲ್ಲ. ಮೊದಮೊದಲು ಇದು ಅವರಿಗೆ ಲಾಭವೇ ಅನಿಸುತ್ತದೆ, ಉಳಿದ ಕೆಲಸವನ್ನೆಲ್ಲ ಮುಗಿಸುತ್ತಾರೆ. ಆಮೇಲೆ ಕೆಲಸ ಮುಗಿಯುತ್ತದೆ, ಕಣ್ಣು ಮಾತ್ರ ತೆರೆದೇ ಇರುತ್ತವೆ.

ಇನ್ನು ಈಡು ಹಾರಿಸುವುದು ಅಂದುಕೊಂಡಷ್ಟು ಸಲೀಸಲ್ಲ. ಮನೆಯವರ ಉಸಿರು ನಿಂತ ಗಳಿಗೆಗೇ ಆ ಮನೆಯ ಬಂದೂಕಿನಲ್ಲಿ ಏನಾದರೊಂದು ಮುರಿಯುತ್ತದೆ. ಒಬ್ಬರಲ್ಲಿ ಕಮಾನು ಕಳಚಿದರೆ ಇನ್ನೊಬ್ಬರಲ್ಲಿ ಮೊಳೆ ತುಂಡಾಗುತ್ತದೆ. ಆ ಸಾಮಾನನ್ನು ಹೊಸದಾಗಿ ಮಾಡಿ ಕೂಡಿಸುವವಳು ನಾನು. ಪಕ್ಕದ ಮನೆಯ ಬಂದೂಕು ಇಸಿದುಕೊಂಡು ಹಾರಿಸಿದವರೂ ಇದ್ದಾರೆ. ಬೆಕ್ಕು ಬೆಚ್ಚಿ ಬಿತ್ತು, ಹಾಲು ಚೆಲ್ಲಿತು, ಬೇರೇನೂ ಆಗಲಿಲ್ಲ.

ಕಬ್ಬಿಣವನ್ನು ಯಾರು ಬೇಕಾದರೂ ಕಾಸಿ ಬಡಿದಾರು, ಬೆಲೆ ಹೇಳುವುದೇ ನಮ್ಮ ಮನೆತನದ ವಿದ್ಯೆ ಎನ್ನುತ್ತಿದ್ದ ನನ್ನಪ್ಪ. ಮೊದಲ ಸಲ ಕೇಳಬಂದವರಿಗೆ ಎಲ್ಲಿಯೂ ಸಿಗಲಾರದ ಬೆಲೆ ಹೇಳಬೇಕು. ಒಂದು ಬಾವಿ ಕೊಡಿ, ನೀರಿನ ಸಮೇತ. ಇಲ್ಲವೇ ಹೋದ ವರ್ಷದ ಮಳೆ ಕೊಡಿ. ಕೇಳಬಂದವರು ಗಲ್ಲಕ್ಕೆ ಕೈಯಿಟ್ಟು 'ತುಟ್ಟಿ ಆತು' ಅನ್ನುತ್ತಾರೆ. ಆ ಮಾತು ಬಾಯಿಂದ ಬಿತ್ತೆಂದರೆ ಆ ದಿನದ ವ್ಯಾಪಾರ ಮುಗಿಯಿತು, ಇಬ್ಬರೂ ಮತ್ತೆ ಅದರ ಸುದ್ದಿ ತೆಗೆಯುವಂತಿಲ್ಲ. ಹೊರಟವರ ಕಾಲು ಹಗುರಾಗಿರುತ್ತವೆ. ನಮ್ಮವ್ವನನ್ನು ಕಳಿಸಲು ಇನ್ನೂ ಮನಸ್ಸಾಗಿಲ್ಲ ಎಂದು ಯಾರು ತಾನೇ ಬಾಯಿಬಿಟ್ಟು ಹೇಳುತ್ತಾರೆ? ಸಾಮಾನು ತುಟ್ಟಿ ಎಂದರೆ ಊರಿಗೆಲ್ಲ ತಿಳಿಯುತ್ತದೆ. ಸಂತೆಯಲ್ಲಿ 'ಕಮಾನು ಭಾಳ ತುಟ್ಟಿ ಐತ್ರಿ' ಎಂದವನ ಚೀಲಕ್ಕೆ ಕಾಯಿಪಲ್ಲೆಯವಳು ಸುಮ್ಮನೆ ಒಂದು ಹಿಡಿ ಹಸಿಮೆಣಸಿನಕಾಯಿ ಹೆಚ್ಚಿಗೆ ಹಾಕುತ್ತಾಳೆ. ದಿನ ಕಳೆದಂತೆ ಅವರ ಮುಖ ತಿಳಿಯಾಗುತ್ತದೆ, ನಾನು ಬೆಲೆ ಇಳಿಸುತ್ತ ಬರುತ್ತೇನೆ. ಕೊನೆಗೊಂದು ದಿನ ಒಂದು ಹಿಡಿ ಪುಟಾಣಿ, ಬರೀ ಹುರಿಗಡಲೆ, ಎನ್ನುತ್ತೇನೆ, ಅವರು ತುಟ್ಟಿ ಅನ್ನದೆ ತಲೆಯಾಡಿಸುತ್ತಾರೆ. ಅವಸರ ಮಾಡಿ ಬೆಲೆ ಇಳಿಸಿದರೆ ಕೆಲಸ ಕೆಟ್ಟಿತು. ಬೆಲೆ ಮನಸ್ಸಿಗೆ ಕೂಡದಿದ್ದರೆ ಸಾಮಾನು ಬಂದೂಕಿಗೂ ಕೂಡುವುದಿಲ್ಲ, ಎಷ್ಟು ಅರ ಹಾಕಿ ತಿಕ್ಕಿದರೂ ಜಾರಿ ಬೀಳುತ್ತದೆ.

ಹೀಗೆ ಎಲ್ಲರ ಮನೆಯ ವ್ಯಾಪಾರವೂ ಒಂದಲ್ಲ ಒಂದು ದಿನ ಮುಗಿಯುತ್ತಿತ್ತು. ಮುಗಿಯದೆ ನನ್ನ ತಲೆ ತಿಂದದ್ದು ಪಿಂಜಾರ ದಾವಲಸಾಬನದೊಂದೇ.

ದಾವಲಣ್ಣ ಊರಿಗೆಲ್ಲ ಹಾಸಿಗೆ ಮಾಡಿಕೊಡುವವನು. ಹತ್ತಿ ಹಿಂಜುವ ಅವನ ಬಿಲ್ಲಿನ ಟಂಯ್ ಟಂಯ್ ಸಪ್ಪಳ ಕೇಳಿಯೇ ನಮ್ಮ ಓಣಿಗೆ ಬೆಳಗಾಗುವುದು. ಅವನ ಹೆಂಡತಿ ಮಾಬವ್ವ ಹತ್ತಿ ಬಿಡಿಸುವ ಹಂಗಾಮಿನಲ್ಲಿ ತೀರಿಕೊಂಡಳು. ಮರುದಿನವೇ ಅವನು ಬಂದೂಕು ಹೆಗಲ ಮೇಲಿಟ್ಟುಕೊಂಡು ಬಂದ. ಎಡಗಡೆಯ ಕುದುರೆ ಮುರಿದಿತ್ತು. ನಳಿಗೆಯ ಹಿಂದೆ ಕಿವಿ ನಿಗುರಿಸಿ ಕೂತು, ಬೆರಳು ಎಳೆದಾಗ ಜಿಗಿದು ಕಾಡತೂಸಿನ ಬೆನ್ನಿಗೆ ಬಡಿಯುವ ತುಂಡಿಗೆ ನಾವು ಕುದುರೆ ಎನ್ನುತ್ತೇವೆ. ನಳಿಗೆಗೊಂದರಂತೆ ಎರಡು ಕುದುರೆ. ಬಲಗಡೆಯದು ನೆಟ್ಟಗೇ ಇತ್ತು.

"ಏನ ತಗೋತಿ ತಂಗಿ?" ಎಂದ.

"ಒಂದ ಬಾವಿ ಕೊಡು ದಾವಲಣ್ಣ, ನೀರಿನ ಸಮೇತ."

"ತುಟ್ಟಿ ಆತವಾ," ಎಂದ. ಮುಖ ಅರಳಿತ್ತು. ನಾನು ಕೊಟ್ಟ ಚಹ ಕುಡಿದು, ಬಂದೂಕನ್ನು ಮಗುವಿನ ಹಾಗೆ ಎತ್ತಿಕೊಂಡು ಹೋದ.

ಮುಂದೆ ಅವನು ಬಂದಾಗಲೆಲ್ಲ ನಾನು ಇಳಿಯುತ್ತ ಹೋದೆ. ಬಾವಿ ಹೋಗಿ ಎರಡು ಎಮ್ಮೆಯಾಯಿತು, ಎಮ್ಮೆ ಹೋಗಿ ಕೆರೆ ದಂಡೆಯ ಬೇವಿನಮರದ ನೆರಳಾಯಿತು. ತುಟ್ಟಿ. ಎರಡೂ. ನೆರಳಿಗಿಂತ ಕಡಿಮೆ ಏನು ಕೇಳಲಿ ನಾನು? ಬಿತ್ತಿದ ಹತ್ತಿ ಮೊಳಕೆಯೊಡೆದು ಮತ್ತೆ ಹೂ ಬಿಡುವ ಹೊತ್ತಾಯಿತು. ಆಗಂತೂ ನಾನು ಬಾಯಿ ತೆರೆಯುವ ಮೊದಲೇ ಬೀದಿಯಲ್ಲೇ ನಿಂತು "ತುಟ್ಟಿ ಆತು ತಂಗಿ" ಎಂದು ಕೂಗಿ ಹಾಗೇ ಮುಂದಕ್ಕೆ ಹೋಗಿಬಿಡುತ್ತಿದ್ದ. ಬೆಲೆಯನ್ನೇ ಕೇಳದೆ ತುಟ್ಟಿ ಎನ್ನುವ ಗಿರಾಕಿಯನ್ನು ನಾನಂತೂ ಕಂಡಿರಲಿಲ್ಲ.

ಮನೆಯಲ್ಲಿ ಅವನದೊಂದೇ ಕೆಲಸ. ಮಾಬವ್ವನಿಗೆ ನಿದ್ದೆ ಬರುವಂಥ ಹಾಸಿಗೆ ಮಾಡುವುದು. ಮೊದಲು ಒಳ್ಳೇ ಹತ್ತಿಯದು ಮಾಡಿದ. ಆಮೇಲೆ ಬೂರುಗದ ಅರಳೆ ತುಂಬಿದ. ಒಂದರ ಮೇಲೊಂದು ಹಾಸಿದ. ಊರವರ ಹಾಸಿಗೆಗಳು ಗಂಟುಗಂಟಾಗಿ ಹರಿದರೂ ಯಾರದಕ್ಕೂ ಕೈ ಹಚ್ಚಲಿಲ್ಲ. ಹಗಲಿಡೀ ಓಣಿಯ ತುಂಬ ಅರಳೆ ಹಾರಾಡುತ್ತಿತ್ತು, ಸಾರಿನಲ್ಲಿ ಬೀಳುತ್ತಿತ್ತು, ಮಲಗಿದ ನಾಯಿಗಳ ಮೇಲೆ ಕೂಡುತ್ತಿತ್ತು. ಮಾಬವ್ವ ಕಸಬರಿಗೆ ಹಿಡಿದು ಅದನ್ನು ಗುಡಿಸುತ್ತಿದ್ದಳು. ತನ್ನ ಅಂಗಳ ಮುಗಿದ ಮೇಲೆ ನೆರೆಯವರದು, ಅದು ಮುಗಿದ ಮೇಲೆ ಓಣಿ, ಓಣಿ ಮುಗಿದ ಮೇಲೆ ಕೆರೆಯ ದಾರಿ. ನಮ್ಮ ಊರಿನ ನೆಲ ಆ ವರ್ಷ ಉಂಡ ತಟ್ಟೆಯ ಹಾಗೆ ಸ್ವಚ್ಛವಾಗಿತ್ತು.

ಒಂದು ಮಧ್ಯಾಹ್ನ ಅವಳು ಗುಡಿಸುತ್ತ ಗುಡಿಸುತ್ತ ನನ್ನ ಕುಲುಮೆಯ ಬಾಗಿಲಿಗೇ ಬಂದಳು. ಕಸಬರಿಗೆ ಗೋಡೆಗಾನಿಸಿ, ಮೊಲವನ್ನು ಮೆಲ್ಲಗೆ ಆಚೆ ಸರಿಸಿ ಕಲ್ಲಿನ ಮೇಲೆ ಕೂತಳು. ಅವಳ ಕಣ್ಣು ನೋಡಲಾಗಲಿಲ್ಲ ನನ್ನ ಕೈಲಿ.

"ಕಣ್ಣಿಗೆ ಕಣ್ಣ ಹತ್ತವಲ್ಲವು ಬಂಗಾರೀ," ಎಂದಳು. "ಹಾಸಿಗಿ ಮ್ಯಾಲ ಹಾಸಿಗಿ ಹಾಸ್ತಾರ. ಇವರ ಸಮಾಧಾನಕ್ಕ ಏರಿ ಮಲಗ್ತೀನಿ. ಈಗ ಹೆಂಗ ಐತಿ, ಈಗ ಹೆಂಗ ಐತಿ ಅಂತ ಕೇಳಕೋತ ಕೂಡ್ತಾರ. ಚಲೋ ಐತ್ರಿ ಅಂತೀನಿ. ಮ್ಯಾಲಿನ ಜಂತಿ ನೋಡ್ತೀನಿ."

"ಬಾಯಿಬಿಟ್ಟು ಹೇಳಬಾರದೇನ ಮಾಬಕ್ಕ? ನನಗ ನಿದ್ದಿ ಬೇಕು, ಕಳಸಿಕೊಡ್ರಿ ಅಂತ?"

"ಹೆಂಗ ಹೇಳಲಿ? ನನ್ನ ಬಿಟ್ಟು ಹೋಗಾಕ ಇಕಿಗೆ ಅವಸರ ಬಿದ್ದೈತಿ ಅಂತ ತಿಳ್ಕೋತಾರ. ಮೊನ್ನಿ ಒಂದ ಆಕಳಿಕಿ ಬಂತು ನೋಡು, ಅಷ್ಟಕ್ಕ ಮಾರಿ ಇಷ್ಟ ಸಣ್ಣದ ಮಾಡಿದರು." ಮಾಬವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಸಂತೆಯಲ್ಲಿ ಕೂತಂತೆ ನೆಟ್ಟಗೆ ಕೂತು, "ಆ ಕುದುರಿ ನನಗ ಕೊಡು. ನಾನ ಒಯ್ತೀನಿ. ಏನ ತಗೋತಿ ಹೇಳು," ಎಂದಳು.

ತೀರಿಕೊಂಡವರೇ ಬಂದು ಸಾಮಾನು ಕೇಳಿದರೆ ಏನು ಮಾಡಬೇಕೆಂದು ನನ್ನಪ್ಪ ಹೇಳಿಕೊಟ್ಟಿರಲಿಲ್ಲ. ಅವನ ಕಾಲದಲ್ಲಿ ಇಂಥದ್ದು ನಡೆದೇ ಇರಲಿಲ್ಲವೇನೋ. ನಾನು ವಿದ್ಯೆ ಕಲಿತ ಪ್ರಕಾರ ಅವಳ ಮುಖ ನೋಡಿದೆ. ಅಷ್ಟು ದಣಿದ ಮುಖಕ್ಕೆ ಬಾವಿ ಎಮ್ಮೆ ಎಂದು ಹೇಳಲು ನನಗೇನು ಕಲ್ಲಿನ ಎದೆಯೇ?

"ಒಂದ ಹಿಡಿ ಪುಟಾಣಿ ಕೊಡಕ್ಕ," ಎಂದೆ.

"ಅಯ್ಯ, ತುಟ್ಟಿ ಆತು ತಗಿ!" ಎಂದಳು ಮಾಬವ್ವ.

ಎಂದವಳೇ ಬಾಯಿ ಮೇಲೆ ಕೈಯಿಟ್ಟುಕೊಂಡಳು. ನಾನು ಹಿಡಿದ ಇಕ್ಕಳ ಕೆಳಗೆ ಬಿತ್ತು. ಏನು ಹೇಳಲಿ, ಆ ಹೆಣ್ಣು ಬದುಕಿದ್ದಷ್ಟು ದಿನ ಸಂತೆಯಲ್ಲಿ ಹೇಳಿದ ಬೆಲೆಗೆ ಒಂದು ಸೂಜಿಯನ್ನೂ ಕೊಂಡವಳಲ್ಲ. ಅವಳ ದನಿ ಕೇಳಿದರೆ ಬಳೆಗಾರರು ಬೇರೆ ಓಣಿ ಹಿಡಿಯುತ್ತಿದ್ದರು. ಈಗ ತನ್ನ ನಿದ್ದೆ ಕೊಳ್ಳಲು ಬಂದಲ್ಲಿಯೂ ಬಾಯಿ ತನ್ನ ಚಾಳಿ ಬಿಡಲಿಲ್ಲ. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ನಾನು ಹೊಟ್ಟೆ ಹಿಡಿದುಕೊಂಡು ನೆಲಕ್ಕೇ ಕೂತೆ. ಅವಳು ನಗುತ್ತ ನಗುತ್ತ ಗಲ್ಲ ತೋಯಿಸಿಕೊಂಡಿದ್ದಳು.

"ಇವತ್ತಿನ ವ್ಯಾಪಾರ ಮುಗೀತಲ್ಲ ಮಾಬಕ್ಕ," ಎಂದೆ. "ಎಂಥಾ ಬಾಯಿ ನಿಂದು!"

"ಬಾಯಿದಷ್ಟ ತಪ್ಪಲ್ಲ ತಂಗಿ," ಎಂದಳು ಅವಳು. ನಗು ನಿಂತಿತ್ತು. "ನಿದ್ದಿ ಬೇಕು, ಖರೇ. ಆದರ ಆ ಮನಶಾನ್ನ ಬಿಟ್ಟು ಹೋಗೂದಂದ್ರ ಹಿಡಿ ಪುಟಾಣಿನೂ ತುಟ್ಟಿನ ಅಲ್ಲೇನು?" ಎದ್ದು ಕಸಬರಿಗೆ ಕೈಗೆತ್ತಿಕೊಂಡಳು. "ನಾ ಬಂದಿದ್ದೆ ಅಂತ ಇವರ ಮುಂದ ಹೇಳಬ್ಯಾಡ ಮತ್ತ."

ಹೇಳುವುದಿಲ್ಲ ಎಂದೆ. ಹೇಳಬಾರದೆಂದೇ ಇದ್ದೆ.

ಎರಡು ದಿನ ಕಳೆದಿತ್ತೋ ಇಲ್ಲವೋ, ದಾವಲಣ್ಣ ಬಂದ. ಕುದುರೆಯ ಮಾತಿಗಲ್ಲ, ಹಾಸಿಗೆ ಹೊಲಿಯುವ ದಬ್ಬಣ ಮೊಂಡಾಗಿದೆ, ಸಾಣೆ ಹಿಡಿದು ಕೊಡು ಎಂದು. ಗಡ್ಡದಲ್ಲಿ, ಹುಬ್ಬಿನಲ್ಲಿ ಎಲ್ಲ ಅರಳೆ. "ಈ ಸಲ ಎಕ್ಕಿ ಅರಳಿ ತುಂಬೀನಿ ತಂಗಿ. ಎಷ್ಟ ಹಗೂರ ಐತಿ ಅಂತಿ! ಉಸರ ಬಿಟ್ಟರ ಹಾರಿ ಹೋಗತೈತಿ. ಇದರ ಮ್ಯಾಲ ಆಕಿಗೆ ನಿದ್ದಿ ಬಂದ ಬರತೈತಿ," ಎಂದ.

ನನಗೆ ಎಲ್ಲಿತ್ತೋ ಸಿಟ್ಟು, ನೆತ್ತಿಗೇರಿತು. ದಬ್ಬಣವನ್ನು ಅಡಿಗಲ್ಲಿನ ಮೇಲೆ ಕುಕ್ಕಿದೆ. "ಅಣ್ಣಾ, ಹುಟ್ಟಿದಾಗಿಂದ ಊರ ಮಂದಿಗೆ ಹಾಸಿಗಿ ಮಾಡಿ ಕೊಟ್ಟವ ನೀನು. ನಿದ್ದಿ ಹಾಸಿಗ್ಯಾಗ ಇರೂದಿಲ್ಲ ಅಂತ ನಿನಗ ನಾ ಹೇಳಬೇಕೇನು? ಆಕಿ ಕಣ್ಣರ ನೋಡೀಯೇನು? ಇಡೀ ಊರ ಗುಡಿಸಿ ಈಗ ಗುಡ್ಡದ ದಾರಿ ಗುಡಿಸಾಕ ಹತ್ಯಾಳ!"

ಮಾಬವ್ವ ಕೂತಿದ್ದ ಕಲ್ಲಿನ ಮೇಲೆಯೇ ದಾವಲಣ್ಣ ಕೂತ. "ನೋಡೀನಿ," ಎಂದ. "ಎಲ್ಲಾ ನೋಡೀನಿ. ಆದರ ಆಕಿಗೆ ಹೋಗೂ ಅವಸರ ಐತಿ ತಂಗಿ. ನನ್ನ ಎದುರಿಗೇ ಆಕಳಿಸಿದಳು. ಇಷ್ಟ ವರ್ಷ ಬಾಳೇ ಮಾಡಿ, ಬಿಟ್ಟ ಹೋಗಾಕ ಆಕಿಗೆ ಒಂದ ಎಳ್ಳಷ್ಟೂ ಸಂಕಟ ಇಲ್ಲಂದ್ರ, ನಾ ಯಾವ ಕೈಲೆ ಈಡು ಹಾರಿಸಲಿ?"

ನಾಲಿಗೆ ಕಚ್ಚಿಕೊಂಡು ಕೂತಿರಬೇಕಿತ್ತು ನಾನು. ಆಗಲಿಲ್ಲ. ಕುಲುಮೆಯ ಬಾಯಿ ಮುಚ್ಚಿದರೂ ಸಂದಿಯಲ್ಲಿ ಹೊಗೆ ಬರುತ್ತದೆ, ನನ್ನ ಬಾಯಿಯೂ ಹಾಗೇ.

"ಆಕಿ ಬಂದಿದ್ದಳಣ್ಣ, ಇಲ್ಲಿಗೆ," ಎಂದೆ. "ಕುದುರಿ ಕೊಳ್ಳಾಕ."

ಅವನ ಮುಖ ಬಾಡಿ ಹೋಯಿತು. "ನೋಡಿದಿಲ್ಲ? ನಾ ಏನ ಹೇಳಿದೆ?"

"ಮುಂದಿಂದು ಕೇಳು. ಒಂದ ಹಿಡಿ ಪುಟಾಣಿ ಕೊಡಕ್ಕ ಅಂದೆ. ತುಟ್ಟಿ ಆತು ಅಂದಳು."

ದಾವಲಣ್ಣ ತಲೆಯೆತ್ತಿದ. "ಏನಂದಳು?"

"ತುಟ್ಟಿ ಆತು ಅಂದಳು."

"ಹಿಡಿ ಪುಟಾಣಿಗೆ?"

"ಹಿಡಿ ಪುಟಾಣಿಗೆ."

ಅವನು ಆ ಮಾತನ್ನು ತನ್ನಷ್ಟಕ್ಕೆ ಮತ್ತೊಮ್ಮೆ ಅಂದುಕೊಂಡ. "ಮಾಬೂಗ ತುಟ್ಟಿ ಆತು," ಎಂದ. "ಹುಚ್ಚಿ. ಹಿಡಿ ಪುಟಾಣಿ ತುಟ್ಟಿ ಆತಂತ ಆಕಿಗೆ." ನಗಲು ಹೋದ. ನಗು ಗಂಟಲಲ್ಲೇ ಮುರಿದು ಅಳುವಾಯಿತು. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಗಂಡಸು ಮನುಷ್ಯ ಬಿಕ್ಕಿ ಬಿಕ್ಕಿ ಅತ್ತ. ನಾನು ತಡೆಯಲಿಲ್ಲ. ನನ್ನ ಕಣ್ಣೂ ತುಂಬಿ ಬಂದಿದ್ದವು, ತಿದಿ ಒತ್ತುವ ನೆಪ ಮಾಡಿ ಹೊಗೆಯ ಕಡೆ ಮುಖ ತಿರುಗಿಸಿದೆ.

ಅತ್ತು ಮುಗಿದ ಮೇಲೆ ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡ. "ಹಂಗಾದರ ಸಾಕು," ಎಂದ. "ಈಗ ಹೇಳು ತಂಗಿ. ಏನ ತಗೋತಿ?"

ಅವನ ಮುಖ ನೋಡಿದೆ. ಬಾಯಿಗೆ ಬಂದದ್ದನ್ನು ಹೇಳಿದೆ. "ಒಂದ ತಲಿದಿಂಬು ಮಾಡಿ ಕೊಡಣ್ಣ. ನಂದು ಪೂರಾ ಗಂಟ ಗಂಟ ಆಗೈತಿ." ಹೇಳಿ ಉಸಿರು ಹಿಡಿದು ನಿಂತೆ, ಎಲ್ಲಿ ತುಟ್ಟಿ ಎಂದುಬಿಡುತ್ತಾನೋ ಎಂದು.

"ಆತು," ಎಂದ ದಾವಲಣ್ಣ. "ಮಾಡಿ ಕೊಡ್ತೀನಿ."

ಕುದುರೆಯನ್ನು ಆಗಲೇ ಕಾಸಿ ಬಡಿದು ಅರ ಹಾಕಿದೆ. ಅವನು ಮನೆಯಿಂದ ಬಂದೂಕು ತಂದುಕೊಟ್ಟ. ಒಮ್ಮೆಗೇ, ಬಾಗಿಲಿಗೆ ಚಿಲಕ ಬಿದ್ದ ಹಾಗೆ, ಟಕ್ಕೆಂದು ಕೂತಿತು.

ನಮ್ಮಲ್ಲಿ ಈಡು ಹಾರಿಸುವುದು ಇಳಿಹೊತ್ತಿನಲ್ಲಿ, ಕೆರೆಯ ನೀರು ತಾಮ್ರದ ಬಣ್ಣಕ್ಕೆ ತಿರುಗುವಾಗ. ಆ ಹೊತ್ತಿಗೆ ಊರೆಲ್ಲ ಕೆಲಸ ನಿಲ್ಲಿಸುತ್ತದೆ. ಬೀಸುವವರು ಗೂಟ ಬಿಡುತ್ತಾರೆ, ಹಾಲು ಹಿಂಡುವವರು ಕೆಚ್ಚಲು ಬಿಟ್ಟು ಕೂಡುತ್ತಾರೆ. ನಾನು ಸುತ್ತಿಗೆ ಕೆಳಗಿಟ್ಟು ಕಾದೆ. ಮೊದಲ ಈಡು ಕೇಳಿಸಿತು. ಕೆರೆಯ ಮೇಲಿನ ಕೊಕ್ಕರೆಗಳೆಲ್ಲ ಎದ್ದು, ಒಂದು ಸುತ್ತು ಹಾಕಿ, ಮತ್ತೆ ಇಳಿದವು. ಎರಡನೆಯದು ಬರಲಿಲ್ಲ.

ಊರೆಲ್ಲ ಹಾಗೇ ಕೂತಿತ್ತು. ಮೊದಲು ಹಾರುವುದು ಬಲಗಡೆಯದು, ಹಳೆಯ ಕುದುರೆಯದು. ಎರಡನೆಯದು ನನ್ನ ಕುದುರೆ. ಅಯ್ಯೋ ಶಿವನೇ, ಕೂಡಲಿಲ್ಲವೇ? ಬೆಲೆ ಹೇಳುವುದರಲ್ಲಿ ತಪ್ಪಿದೆನೇ? ಅರ, ಇಕ್ಕಳ, ಸುತ್ತಿಗೆ ಉಡಿಯಲ್ಲಿ ಕಟ್ಟಿಕೊಂಡು ಓಡಿದೆ. ಓಣಿಯಲ್ಲಿ ಜನ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು.

ದಾವಲಣ್ಣ ಬಂದೂಕು ಹಿಡಿದುಕೊಂಡು ಪಡಸಾಲೆಯ ಹೊಸ್ತಿಲಲ್ಲಿ ನಿಂತಿದ್ದ. ನನ್ನನ್ನು ಕಂಡು ತುಟಿಯ ಮೇಲೆ ಬೆರಳಿಟ್ಟ.

"ಕುದುರಿ ಬೀಳಲಿಲ್ಲೇನು?" ಎಂದೆ ಏದುಸಿರು ಬಿಡುತ್ತ.

"ಮೆಲ್ಲಕ ಮಾತಾಡು," ಎಂದ. "ಕುದುರಿ ಚಲೋ ಐತಿ. ಅಲ್ಲಿ ನೋಡು, ಮಲಗ್ಯಾಳ."

ಒಳಗೆ, ಹಾಸಿಗೆಯ ಮೇಲೆ ಹಾಸಿಗೆ, ಎಲ್ಲಕ್ಕೂ ಮೇಲೆ ಮಾಬವ್ವ. ಒಂದು ಮಗ್ಗುಲಾಗಿ, ಗಲ್ಲದ ಕೆಳಗೆ ಅಂಗೈಯಿಟ್ಟುಕೊಂಡು, ಬಾಯಿ ತುಸು ತೆರೆದು ಮಲಗಿದ್ದಳು. ಸಣ್ಣಗೆ ಗೊರಕೆಯೂ ಬರುತ್ತಿತ್ತು. ಮೊದಲ ಈಡಿನ ಗಾಳಿಗೆ ಎದ್ದ ಅರಳೆ ಇನ್ನೂ ಗಾಳಿಯಲ್ಲೇ ಇತ್ತು, ಅವಳ ಸುತ್ತ ನಿಧಾನವಾಗಿ ಇಳಿಯುತ್ತಿತ್ತು.

"ಈಗರ ಕಣ್ಣ ಹತ್ಯಾವು ತಂಗಿ," ಎಂದ ದಾವಲಣ್ಣ ಪಿಸುದನಿಯಲ್ಲಿ. "ಎಷ್ಟ ದಿವಸದ ಮ್ಯಾಲ! ಇನ್ನೊಂದ ಈಡು ಹಾರಿಸಿದರ ಎಚ್ಚರಾಗತೈತಿ."

ಒಂದು ಈಡಿನ ನಿ‌ದ್ದೆ ನಿದ್ದೆಯಲ್ಲ, ಬರೀ ಜೋಂಪು. ಕೈಯಲ್ಲಿನ ಚಹ ಆರುವಷ್ಟರಲ್ಲಿ ಹಾರಿಹೋಗುತ್ತದೆ. ಮತ್ತೆ ಜಂತಿ, ಮತ್ತೆ ಕಸಬರಿಗೆ. ಇದು ನನಗೆ ಗೊತ್ತು, ಅವನಿಗೂ ಗೊತ್ತು. ಗೊತ್ತಿದ್ದೂ ಹಾಗೆ ಹೊಸ್ತಿಲಲ್ಲಿ ನಿಂತಿದ್ದ.

"ಏಳೂದಿಲ್ಲಣ್ಣ," ಎಂದೆ.

"ನಿನಗ ಗೊತ್ತಿಲ್ಲ. ಆಕಿ ನಿದ್ದಿ ಮೊದಲಿಂದನೂ ಭಾಳ ತೆಳುವು. ಅಟ್ಟದಾಗ ಇಲಿ ಓಡಿದರ ಎದ್ದ ಕೂಡ್ತಾಳ."

ಮಾಬವ್ವನ ಗೊರಕೆ ನಿಂತಿತು. ರೆಪ್ಪೆ ಒಮ್ಮೆ ಅಲುಗಿತು. ದಾವಲಣ್ಣ ಅದನ್ನು ನೋಡಿದ. ಬಂದೂಕನ್ನು ನನ್ನ ಕೈಗೆ ಕೊಟ್ಟು, ತುದಿಗಾಲಲ್ಲಿ ಒಳಗೆ ಹೋದ. ಮೇಲಿನ ಹಾಸಿಗೆಯ ಹೊಲಿಗೆಯನ್ನು ಉಗುರಿನಿಂದ ಬಿಚ್ಚಿ ಒಂದು ಚೂರು ಅರಳೆ ತೆಗೆದ. ಬೆಳಕಿಗೆ ಹಿಡಿದು ನೋಡಿದ, ಅದರಲ್ಲಿದ್ದ ಕಸ ಆರಿಸಿದ. ಬೆರಳ ತುದಿಯಲ್ಲಿ ಎಳೆ ಎಳೆಯಾಗಿ ಬಿಡಿಸಿ, ಮತ್ತೆ ಕೂಡಿಸಿ, ಮೆತ್ತಗಿನ ಎರಡು ಉಂಡೆ ಮಾಡಿದ. ಅವಳ ಕೂದಲನ್ನು ಹಿಂದಕ್ಕೆ ಸರಿಸಿ ಒಂದು ಕಿವಿಗೆ ಇಟ್ಟ. ತಲೆಯನ್ನು ಅಂಗೈಯಲ್ಲಿ ತುಸುವೇ ಎತ್ತಿ ಇನ್ನೊಂದು ಕಿವಿಗೂ ಇಟ್ಟ. ಕೌದಿಯನ್ನು ಕಿವಿ ಮುಚ್ಚುವತನಕ ಎಳೆದು ಹೊದಿಸಿದ.

ಆಮೇಲೆ ನನ್ನ ಕೈಯಿಂದ ಬಂದೂಕು ತಗೊಂಡು ಅಂಗಳಕ್ಕಿಳಿದ. ನಳಿಗೆಯನ್ನು ಮುಗಿಲಿಗೆ ಹಿಡಿದು ಎಡಗಡೆಯ ಕುದುರೆ ಎಳೆದ. ಈಡು ಹಾರಿತು. ಕೊಕ್ಕರೆಗಳು ಎದ್ದು ಈ ಸಲ ಕೆರೆ ದಾಟಿ ಹೋದವು. ಓಣಿಯಲ್ಲಿ ನಿಂತಿದ್ದವರು ತಲೆಯ ಮೇಲೆ ಸೆರಗು ಹೊದ್ದುಕೊಂಡರು, ರುಮಾಲು ತೆಗೆದರು.

ದಾವಲಣ್ಣ ಬಂದೂಕನ್ನು ಗೋಡೆಗಾನಿಸಿ ಒಳಗೆ ಹೋಗಿ, ಹೆಂಡತಿಯ ಮುಖದ ಹತ್ತಿರ ಬಗ್ಗಿದ. ತುಂಬಾ ಹೊತ್ತು ಹಾಗೇ ಬಗ್ಗಿ ನೋಡಿದ. ನಾನೂ ಹೊಸ್ತಿಲಲ್ಲಿ ನಿಂತು ನೋಡಿದೆ. ರೆಪ್ಪೆ ಅಲುಗಲಿಲ್ಲ. ಅವನು ನನ್ನ ಕಡೆ ತಿರುಗಿ, ತೊಟ್ಟಿಲಲ್ಲಿ ಕೂಸು ಮಲಗಿಸಿದವರ ದನಿಯಲ್ಲಿ ಹೇಳಿದ:

"ಎಚ್ಚರ ಆಗಲಿಲ್ಲ ನೋಡು."